ಗಡಿ ಗುರುತು ಹಾಕಿ ಗುಂಡಿ ತೋಡೋಣ: ಸಂಘದ ಗಣಕೀಕರಣಕ್ಕೆ ಮುನ್ನ ಆಗಬೇಕಾದ ಕೆಲಸ



ಸಂಘದ ಖರೀದಿ, ದಾಸ್ತಾನು, ಸಾಲ ಮತ್ತು ಲೆಕ್ಕಪತ್ರಗಳನ್ನೆಲ್ಲ ಒಂದೇ ತಂತ್ರಾಂಶದ ಅಡಿಯಲ್ಲಿ ತರುವ ವಿಷಯವು ಆಡಳಿತ ಮಂಡಳಿಯ ಮುಂದೆ ಬಂದಿದೆ ಎಂಬ ಸುದ್ದಿ ಹರಡಿದಂದಿನಿಂದ, ಮಂಗಳೂರಿನ ನಮ್ಮ ಕಚೇರಿಗೆ ಬರುವ ಸದಸ್ಯರು ಕೇಳುವ ಪ್ರಶ್ನೆಗಳು ಎರಡೇ. "ಇದಕ್ಕೆಲ್ಲ ಎಷ್ಟು ಖರ್ಚು ಬೀಳುತ್ತದೆ?" ಎಂಬುದು ಮೊದಲನೆಯದು. "ಕಂಪ್ಯೂಟರು ಬಂದರೆ ಅಡಿಕೆಗೆ ಕ್ರಯ ಜಾಸ್ತಿ ಸಿಗುತ್ತದೋ ಸೆಕ್ರೆಟರಿಯವರೇ?" ಎಂಬುದು ಎರಡನೆಯದು.

ಎರಡನೆಯದಕ್ಕೆ ಉತ್ತರ ಸುಲಭ. ಸಿಗುವುದಿಲ್ಲ. ಕ್ರಯವನ್ನು ನಿಶ್ಚಯಿಸುವುದು ಮಾರುಕಟ್ಟೆಯೇ ಹೊರತು ಯಂತ್ರವಲ್ಲ. ಆದರೆ ಸಿಕ್ಕಿದ ಕ್ರಯ ಸದಸ್ಯನ ಕೈಗೆ ಎಷ್ಟು ಬೇಗ, ಎಷ್ಟು ಸರಿಯಾಗಿ ತಲುಪುತ್ತದೆ ಎಂಬುದು ಮಾತ್ರ ಲೆಕ್ಕದ ವ್ಯವಸ್ಥೆಯನ್ನು ಅವಲಂಬಿಸಿದೆ. ಆ ವ್ಯವಸ್ಥೆ ಕೆಟ್ಟರೆ ಒಳ್ಳೆಯ ಕ್ರಯವಿದ್ದ ವರ್ಷವೂ ಸದಸ್ಯನಿಗೆ ನಷ್ಟವಾಗಬಹುದು. ಅಂಥ ಒಂದು ನಷ್ಟವನ್ನು ನಾವೇ ಕಣ್ಣಾರೆ ಕಂಡವರಾದ್ದರಿಂದ ಈ ಲೇಖನ ಬರೆಯುವ ಅಗತ್ಯ ಬಿದ್ದಿದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಯಾವ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತೇವೆ, ಯಾರು ಅದನ್ನು ನಡೆಸುತ್ತಾರೆ ಎಂಬುದು ನಿರ್ಧಾರವಾಗದೆ ಖರ್ಚನ್ನು ಹೇಳುವುದು, ಜಾಗದ ಅಳತೆಯಾಗದೆ ಎಷ್ಟು ಅಡಿಕೆ ಸಸಿ ಬೇಕೆಂದು ಹೇಳಿದಂತೆ. ಹೊಸ ತೋಟ ಮಾಡುವವರು ಮೊದಲು ಗಡಿ ಗುರುತಿಸಿ, ಹಗ್ಗ ಹಿಡಿದು, ಒಂಬತ್ತು ಅಡಿಗೊಂದು ಗೂಟ ಹೊಡೆದು, ಆಮೇಲೆ ಗುಂಡಿ ತೋಡುತ್ತಾರೆ. ಸಸಿ ತಂದು ಅಂಗಳದಲ್ಲಿಟ್ಟುಕೊಂಡು ಜಾಗ ಹುಡುಕುವವರಿಲ್ಲ. ಗಣಕೀಕರಣದಲ್ಲಿ ಮಾತ್ರ ಅನೇಕ ಸಂಸ್ಥೆಗಳು ಸಸಿಯನ್ನೇ ಮೊದಲು ತರುತ್ತವೆ.

ಹಿನ್ನೆಲೆ

ಸಹಕಾರ ನಮ್ಮ ನಾಡಿಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮದೇ ಗದಗದ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ. ನಮ್ಮ ಜಿಲ್ಲೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಊರೂರು ಸುತ್ತಿ ಸಂಘಗಳನ್ನು ಕಟ್ಟಿ ಸಹಕಾರಿ ಪಿತಾಮಹರೆನಿಸಿದರು. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ದಿನಗಳಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಯಿತು. ಈ ಹಿರಿಯರೆಲ್ಲರ ಕಾಲದಲ್ಲಿ ಸಂಘವೆಂದರೆ ರೋಜು ಕಿರ್ದಿ, ಖತಾವಣಿ ಮತ್ತು ಅವನ್ನು ಬರೆಯುವ ನಂಬಿಕಸ್ಥ ಗುಮಾಸ್ತ. ಪುಸ್ತಕ ಬದಲಾಗಬಹುದು. ನಂಬಿಕೆ ಬದಲಾಗಕೂಡದು.

ಕೇಂದ್ರದಲ್ಲಿ 2021ರ ಜುಲೈಯಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ರಚನೆಯಾದ ಮೇಲೆ, 2022ರ ಜೂನ್ 29ರಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣದ ಯೋಜನೆಗೆ ಕೇಂದ್ರ ಸಚಿವ ಸಂಪುಟ ಮಂಜೂರಾತಿ ನೀಡಿತು. ಮೊದಲ ಅಂದಾಜಿನಲ್ಲಿ 63,000 ಸಂಘಗಳು, ಐದು ವರ್ಷ, 2,516 ಕೋಟಿ ರೂಪಾಯಿ. ಇದರಲ್ಲಿ ಕೇಂದ್ರದ ಪಾಲು 1,528 ಕೋಟಿ, ರಾಜ್ಯಗಳದು 736 ಕೋಟಿ, ನಬಾರ್ಡಿನದು 252 ಕೋಟಿ. ಸಂಘವೊಂದಕ್ಕೆ ಸರಾಸರಿ 3.91 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಲಾಗಿತ್ತು. ಗ್ರಾಮದ ಸಂಘ, ಜಿಲ್ಲಾ ಕೇಂದ್ರ ಬ್ಯಾಂಕು, ರಾಜ್ಯ ಅಪೆಕ್ಸ್ ಬ್ಯಾಂಕು ಮತ್ತು ನಬಾರ್ಡು ಈ ನಾಲ್ಕನ್ನೂ ಒಂದೇ ಸರಪಣಿಯಲ್ಲಿ ಪೋಣಿಸುವುದು ಅದರ ಉದ್ದೇಶ.

ಈ ಯೋಜನೆಯನ್ನು ಗಮನವಿಟ್ಟು ನೋಡಿದರೆ ನಮಗೆ ಕಲಿಯಲು ಬೇಕಾದಷ್ಟಿದೆ. ಯಂತ್ರ ಮತ್ತು ತಂತ್ರಾಂಶಕ್ಕೆ ಮಾತ್ರವಲ್ಲದೆ ಹಳೆಯ ಲೆಕ್ಕವನ್ನು ಗಣಕಕ್ಕೆ ಏರಿಸುವುದಕ್ಕೆ, ಸಿಬ್ಬಂದಿಯ ತರಬೇತಿಗೆ, ಭದ್ರತೆಗೆ ಮತ್ತು ಮುಂದಿನ ನಿರ್ವಹಣೆಗೆ ಬೇರೆ ಬೇರೆಯಾಗಿ ಜಾಗವಿಟ್ಟಿದ್ದಾರೆ. ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಮೇಲ್ವಿಚಾರಣಾ ಸಮಿತಿಗಳನ್ನು ಇಟ್ಟು, ಒಟ್ಟು ಕೆಲಸದ ನಿರ್ವಹಣೆಯನ್ನು ನಬಾರ್ಡಿಗೆ ವಹಿಸಿದ್ದಾರೆ. ಅಂದರೆ ಏನನ್ನು ಮಾಡಬೇಕು, ಯಾರು ಮಾಡಬೇಕು ಎಂಬುದು ಕಾಗದದ ಮೇಲೆ ಮೊದಲೇ ಬಂದಿದೆ. ನಮ್ಮದು ಮಾರಾಟ ಸಂಘ. ಆ ಯೋಜನೆಯ ಹಣ ನಮಗೆ ಬರುವುದಿಲ್ಲ. ಆದರೆ ನಮ್ಮ ಸದಸ್ಯರು ತಂತಮ್ಮ ಊರಿನ ಸಂಘಗಳಲ್ಲೂ ಸದಸ್ಯರೇ ಆದ್ದರಿಂದ, ಅಲ್ಲಿನ ಲೆಕ್ಕಕ್ಕೂ ಇಲ್ಲಿನ ಲೆಕ್ಕಕ್ಕೂ ಹೊಂದಿಕೆಯಿರಲೇಬೇಕು.

ನಾವು ಎಡವಿದ್ದು ಎಲ್ಲಿ?

ಕೆಲವು ವರ್ಷಗಳ ಹಿಂದೆ ನಮ್ಮ ಖರೀದಿ ಕೇಂದ್ರಗಳಿಗೆ ಒಂದು ಬಿಲ್ಲಿಂಗ್ ತಂತ್ರಾಂಶ ತಂದೆವು. ತೋರಿಸುವಾಗ ಅದು ಬಹಳ ಚೆನ್ನಾಗಿತ್ತು. ತೂಕ ಹಾಕಿದರೆ ರಶೀದಿ, ಒಂದು ಗುಂಡಿ ಒತ್ತಿದರೆ ದಿನದ ಪಟ್ಟಿ. ಏನೇನು ಬೇಕೆಂದು ನಾವು ಬರೆದುಕೊಟ್ಟಿರಲಿಲ್ಲ, ಅವರು ಕೇಳಿರಲೂ ಇಲ್ಲ. ಸದಸ್ಯರ ಪಟ್ಟಿಯಲ್ಲಿ ಹೆಸರಿಗೆ ಜಾಗವಿತ್ತು, ಮನೆಹೆಸರಿಗೆ ಇರಲಿಲ್ಲ. ನಮ್ಮ ಊರುಗಳ ಸ್ಥಿತಿ ನಿಮಗೆ ಗೊತ್ತಿದೆ. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನವರು ನಾಲ್ಕು ಮಂದಿ ಇರುತ್ತಾರೆ. ಮನೆಹೆಸರಿನಿಂದಲ್ಲದೆ ಅವರನ್ನು ಗುರುತಿಸುವ ಕ್ರಮವೇ ನಮ್ಮಲ್ಲಿ ಇಲ್ಲ.

ಆ ವರ್ಷ ನಮ್ಮ ಒಬ್ಬ ಹಿರಿಯ ಸದಸ್ಯರು ಚಾಲಿ ಅಡಿಕೆ ತಂದು ಹಾಕಿ, ಕ್ರಯದ ಹಣದಲ್ಲಿ ಇಷ್ಟನ್ನು ತಮ್ಮ ಊರಿನ ಸಂಘದ ಬೆಳೆಸಾಲಕ್ಕೆ ಜಮಾ ಮಾಡಿ ಎಂದು ಬರೆದುಕೊಟ್ಟು ಹೋದರು. ಹಣ ಹೋಯಿತು. ಆದರೆ ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹೋಯಿತು. ಇವರು ಸಾಲ ತೀರಿತೆಂದು ನೆಮ್ಮದಿಯಿಂದಿದ್ದರು. ಗಡುವು ದಾಟಿ ಸುಸ್ತಿಯ ನೋಟೀಸು ಬಂದಾಗಲೇ ವಿಷಯ ತಿಳಿದದ್ದು. ರಾಜ್ಯ ಸರಕಾರದ ಬಡ್ಡಿ ರಿಯಾಯಿತಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ರಿಯಾಯಿತಿ ಕೈತಪ್ಪಿತು. ನಮ್ಮ ರಶೀದಿಯನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟು, "ಮೂವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರು ಸುಸ್ತಿ ಪಟ್ಟಿಯಲ್ಲಿ ಬಂದದ್ದಿಲ್ಲ" ಎಂದಷ್ಟೇ ಅವರು ಹೇಳಿದರು. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಬಡ್ಡಿಯ ಹೊರೆಯನ್ನು ನಿರ್ಣಯ ಮಾಡಿ ಸಂಘವೇ ಹೊತ್ತಿತು. ತಪ್ಪು ಯಾರದೆಂದು ವಿಚಾರಿಸಲು ಕುಳಿತಾಗ ಒಂದು ವಿಚಿತ್ರ ಕಂಡಿತು. ಕೇಂದ್ರದ ಗುಮಾಸ್ತ ತಂತ್ರಾಂಶವನ್ನು ತೋರಿಸಿದ. ತಂತ್ರಾಂಶ ಕೊಟ್ಟವರು ನಾವು ಕೊಟ್ಟ ಪಟ್ಟಿಯನ್ನು ತೋರಿಸಿದರು. ಪಟ್ಟಿಯನ್ನು ಯಾರು ಪರಿಶೀಲಿಸಬೇಕಿತ್ತೆಂದು ಕೇಳಿದರೆ ಯಾರ ಹೆಸರೂ ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾಗಿದ್ದವರು ನಾವು, ಅಂದರೆ ಕಾರ್ಯದರ್ಶಿ. ಆದ್ದರಿಂದ ತಪ್ಪು ನಮ್ಮದೇ ಎಂದು ಅಂದೇ ಸಭೆಯಲ್ಲಿ ಒಪ್ಪಿಕೊಂಡೆವು.

ಈ ಸಲ ಪಣ ಇನ್ನೂ ದೊಡ್ಡದು. ರಾಜ್ಯದಲ್ಲಿ ಬಡ್ಡಿರಹಿತ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಮೊತ್ತ ಹೆಚ್ಚಿದಷ್ಟೂ ತಪ್ಪಿನ ಬೆಲೆಯೂ ಹೆಚ್ಚು.

ಯಾವುದು ಒಳಗೆ, ಯಾವುದು ಹೊರಗೆ?

ಮೊದಲ ಕೆಲಸ ಗಡಿ ಗುರುತು. ಒಂದು ಹಾಳೆಯ ಎಡಬದಿಯಲ್ಲಿ ಈ ಹಂತದಲ್ಲಿ ಆಗುವ ಕೆಲಸಗಳು, ಬಲಬದಿಯಲ್ಲಿ ಈ ಹಂತದಲ್ಲಿ ಆಗದ ಕೆಲಸಗಳು. ಬಲಬದಿಯ ಪಟ್ಟಿಯೇ ಹೆಚ್ಚು ಮುಖ್ಯವೆಂದು ಈಗ ನಮಗೆ ಮನವರಿಕೆಯಾಗಿದೆ. ಬೇಡವೆಂದು ಬರೆಯದೆ ಇದ್ದದ್ದೆಲ್ಲ ಕೆಲಸದ ನಡುವೆ ಯಾರಾದರೊಬ್ಬರ ಬಾಯಿಂದ ಬೇಕೆಂದು ಬಂದೇ ಬರುತ್ತದೆ.

ನಾವು ಮಂಡಳಿಯ ಮುಂದಿಟ್ಟಿರುವ ಕರಡಿನಲ್ಲಿ ಒಳಗಿರುವುದು ಆರು ವಿಷಯ: ಸದಸ್ಯರ ಮತ್ತು ಪಾಲು ಬಂಡವಾಳದ ದಾಖಲೆ, ಅಡಿಕೆ, ಕಾಫಿ, ಕಾಳುಮೆಣಸು ಮತ್ತು ಗೇರುಬೀಜದ ಖರೀದಿ, ಉಗ್ರಾಣದ ದಾಸ್ತಾನು, ಉತ್ಪನ್ನ ಈಡಿನ ಸಾಲ ಮತ್ತು ಊರಿನ ಸಂಘದ ಸಾಲಕ್ಕೆ ಜಮಾ, ಸದಸ್ಯರಿಗೆ ಹಣ ಪಾವತಿ, ಲೆಕ್ಕಪತ್ರ ಮತ್ತು ಜಿ.ಎಸ್.ಟಿ. ಹೊರಗಿರುವುದು: ಮೊಬೈಲಿನ ಆ್ಯಪು, ಗೊಬ್ಬರದ ಅಂಗಡಿಯ ಬಿಲ್ಲು, ಸಿಬ್ಬಂದಿಯ ಸಂಬಳದ ಲೆಕ್ಕ, ಧಾರಣೆಯ ಮುನ್ನೋಟ. ಇವು ಬೇಡವೆಂದಲ್ಲ. ಮೊದಲ ಆರು ಒಂದು ಪೂರ್ತಿ ವರ್ಷ ಸರಿಯಾಗಿ ನಡೆದ ಮೇಲೆ ಎರಡನೆಯ ಹಂತದಲ್ಲಿ ನೋಡೋಣವೆಂದು.

ಒಳಗೆ ಸೇರಿಸಬೇಕೋ ಬೇಡವೋ ಎಂಬ ಸಂಶಯ ಬಂದಲ್ಲಿ ಮೂರು ಪ್ರಶ್ನೆ ಕೇಳಿಕೊಂಡೆವು. ಇದು ತಪ್ಪಿದರೆ ಸದಸ್ಯನ ಹಣಕ್ಕೆ ಧಕ್ಕೆಯುಂಟೇ? ಕಾನೂನಿನಂತೆ ಇದು ಬೇಕೇ ಬೇಕೇ? ಇದಿಲ್ಲದೆ ಉಳಿದ ಕೆಲಸ ನಿಲ್ಲುತ್ತದೆಯೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಬಲಬದಿಗೆ.

ಒಳಗಿರುವ ವಿಷಯವನ್ನೂ "ಖರೀದಿ" ಎಂದು ಒಂದೇ ಮಾತಿನಲ್ಲಿ ಬರೆದರೆ ಸಾಲದು. ಬೆಂಗಳೂರಿನಲ್ಲೋ ಬೇರೆಲ್ಲೋ ಕುಳಿತು ತಂತ್ರಾಂಶ ಬರೆಯುವವರಿಗೆ ಅಡಿಕೆಯೆಂದರೆ ಒಂದು ವಸ್ತು, ಒಂದು ದರ. ನಮಗೆ ಹೊಸ ಅಡಿಕೆ ಬೇರೆ, ಸಿಂಗಲ್ ಚೋಲು ಬೇರೆ, ಡಬ್ಬಲ್ ಚೋಲು ಬೇರೆ. ಒಂದೇ ಗೋಣಿಯಿಂದ ಪಟೋರ, ಉಳ್ಳಿಗಡ್ಡೆ, ಕರಿಗೋಟು ಬೇರೆಯಾದರೆ ಒಂದೇ ರಶೀದಿಯಲ್ಲಿ ನಾಲ್ಕು ದರ ಬರುತ್ತದೆ. ಘಟ್ಟದ ಮೇಲಿನ ಸದಸ್ಯರು ತರುವ ರಾಶಿ, ಬೆಟ್ಟೆ, ಗೊರಬಲುಗಳ ವಿಂಗಡಣೆಯೇ ಬೇರೆ. ಹೊಸ ಅಡಿಕೆ ಉಗ್ರಾಣದಲ್ಲೇ ಕುಳಿತು ಹಳೆಯದಾದಾಗ ದಾಸ್ತಾನಿನಲ್ಲಿ ಅದರ ಹೆಸರು ಬದಲಾಗಬೇಕು, ತೂಕದಲ್ಲಿ ಒಣಗಿದ ಕಳೆತ ಕಾಣಬೇಕು. ಇವೆಲ್ಲವನ್ನೂ ಉದಾಹರಣೆ ಸಹಿತ ಬರೆದುಕೊಡಬೇಕು.

ಕಾಫಿಯ ಲೆಕ್ಕ ಇನ್ನೂ ಸೂಕ್ಷ್ಮ. ರೋಬಸ್ಟಾ ಚೆರಿಯನ್ನು 50 ಕಿಲೋ ಮೂಟೆಯ ಲೆಕ್ಕದಲ್ಲಿ ತಂದರೂ ದರ ಬೀಳುವುದು ಔಟ್‌ಟರ್ನಿನ ಮೇಲೆ, ಅಂದರೆ ಮೂಟೆಯೊಂದರಿಂದ ಎಷ್ಟು ಕಿಲೋ ಶುದ್ಧ ಬೀಜ ಹೊರಡುತ್ತದೆ ಎಂಬುದರ ಮೇಲೆ. ಒಬ್ಬ ಸದಸ್ಯನ 40 ಮೂಟೆಗೆ 28ರ ಬದಲು 26 ಎಂದು ನಮೂದಾದರೆ 80 ಕಿಲೋ ಶುದ್ಧ ಬೀಜದ ಹಣ ಅವನಿಗೆ ನಷ್ಟ. ಮಾದರಿ ತೆಗೆದವರು ಯಾರು, ತೇವಾಂಶ ಎಷ್ಟು, ಔಟ್‌ಟರ್ನ್ ನೋಡಿದವರು ಯಾರು, ಸದಸ್ಯನು ಒಪ್ಪಿದನೇ ಎಂಬ ನಾಲ್ಕಕ್ಕೂ ಬಿಲ್ಲಿನಲ್ಲಿ ಜಾಗವಿರಬೇಕು. ಗೇರುಬೀಜದಲ್ಲಿ ಬೇರೊಂದು ತೊಡಕಿದೆ. ಕೃಷಿಕನಿಂದ ಸಿಪ್ಪೆ ಸಮೇತದ ಗೇರುಬೀಜ ಕೊಂಡಾಗ ಜಿ.ಎಸ್.ಟಿ.ಯನ್ನು ಕೊಂಡ ನೋಂದಾಯಿತ ಸಂಸ್ಥೆಯೇ ಕಟ್ಟಬೇಕು. ತಂತ್ರಾಂಶಕ್ಕೆ ಇದು ತಿಳಿಯದಿದ್ದರೆ ಲೆಕ್ಕ ಪರಿಶೋಧನೆಯ ಸಮಯದಲ್ಲಿ ದಂಡ ಸಮೇತ ನಮಗೆ ತಿಳಿಯುತ್ತದೆ.

ಹಾಳೆಗೆ ಸಹಿ ಬಿದ್ದ ಮೇಲೆ ಬದಲಾವಣೆ ಬೇಡವೇ ಬೇಡ ಎನ್ನಲಾಗದು. ಆದರೆ ಬಾಯಿಮಾತಿನ ಬದಲಾವಣೆ ಕೂಡದು. ಏನು ಬದಲಾವಣೆ, ಏಕೆ, ಎಷ್ಟು ಹಣ, ಎಷ್ಟು ದಿನ ಎಂದು ಬರೆದು ಮಂಡಳಿಯ ಒಪ್ಪಿಗೆ ಪಡೆದ ಮೇಲೆಯೇ ಕೈಹಾಕಬೇಕು. ಬರೆಯಬೇಕೆಂದಾಗ ಅರ್ಧದಷ್ಟು ಸಲಹೆಗಳು ತಾವಾಗಿಯೇ ಹಿಂದೆ ಸರಿಯುತ್ತವೆ.

ಚಾಕಲೇಟು ಕಂಪೆನಿಯ ಪಾಠ

ಕೊಕ್ಕೋ ಬೆಳೆಯುವ ನಮ್ಮವರಿಗೆ ಅಮೆರಿಕದ ಹರ್ಷೀಸ್ ಚಾಕಲೇಟಿನ ಹೆಸರು ಹೊಸದಲ್ಲ. ಆ ಕಂಪೆನಿ ಸುಮಾರು 11.2 ಕೋಟಿ ಡಾಲರು ಖರ್ಚು ಮಾಡಿ ತನ್ನ ಇಡೀ ವ್ಯವಹಾರಕ್ಕೆ ಹೊಸ ತಂತ್ರಾಂಶಗಳನ್ನು ತಂದಿತು. ನಾಲ್ಕು ವರ್ಷ ಬೇಕಾಗಿದ್ದ ಕೆಲಸವನ್ನು ಎರಡೂವರೆ ವರ್ಷಕ್ಕೆ ಅಮುಕಿ, ಮೂರು ಬೇರೆ ಬೇರೆ ತಂತ್ರಾಂಶಗಳನ್ನು 1999ರ ಜುಲೈಯಲ್ಲಿ ಒಟ್ಟಿಗೇ ಜಾರಿಗೆ ತಂದಿತು. ಅಲ್ಲಿ ಅಕ್ಟೋಬರದ ಹಬ್ಬಕ್ಕೆ ಮಿಠಾಯಿಯ ಬೇಡಿಕೆ ಬರುವುದು ಆ ದಿನಗಳಲ್ಲಿಯೇ. ಉಗ್ರಾಣದಲ್ಲಿ ಚಾಕಲೇಟು ತುಂಬಿದ್ದರೂ ಅಂಗಡಿಗಳಿಗೆ ಕಳುಹಿಸಲಾಗದೆ, ಸುಮಾರು 10 ಕೋಟಿ ಡಾಲರಿನ ಬೇಡಿಕೆ ಪೂರೈಸಲಾಗಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯೇ ಹಬ್ಬದ ಹೊತ್ತಿಗೆ ಒಲೆ ಬದಲಾಯಿಸಲು ಹೊರಟು ಕೈಸುಟ್ಟುಕೊಂಡಿತೆಂದರೆ ನಮ್ಮ ಪಾಡೇನು?

ಆದ್ದರಿಂದ ನಮ್ಮ ವೇಳಾಪಟ್ಟಿ ಬೆಳೆಯನ್ನು ನೋಡಿಕೊಂಡಿದೆ. ಜೂನಿನಿಂದ ಸೆಪ್ಟೆಂಬರದವರೆಗೆ ನೀವು ಬೋರ್ಡೋ ಸಿಂಪಡಣೆಯ ಗಡಿಬಿಡಿಯಲ್ಲಿರುತ್ತೀರಿ, ಖರೀದಿ ಕೇಂದ್ರಗಳಲ್ಲಿ ಸ್ವಲ್ಪ ಬಿಡುವಿರುತ್ತದೆ. ಸದಸ್ಯರ ಪಟ್ಟಿ ಮತ್ತು ಹಳೆಯ ಬಾಕಿಗಳ ಪರಿಶೀಲನೆಗೆ ಅದೇ ಕಾಲ. ದೀಪಾವಳಿ ಕಳೆದ ಮೇಲೆ ಒಂದೇ ಒಂದು ಸಣ್ಣ ಕೇಂದ್ರದಲ್ಲಿ ಪ್ರಯೋಗ, ಅಲ್ಲಿ ಹಳೆಯ ಪುಸ್ತಕವೂ ಹೊಸ ತಂತ್ರಾಂಶವೂ ಜತೆಜತೆಯಾಗಿ ನಡೆಯಬೇಕು. ಪ್ರತಿ ಶನಿವಾರ ಎರಡನ್ನೂ ತಾಳೆ ನೋಡಬೇಕು. ಸತತವಾಗಿ ಎಂಟು ವಾರ ಪೈಸೆಗೆ ಪೈಸೆ ತಾಳೆಯಾದರೆ ಮಾತ್ರ ಏಪ್ರಿಲ್ 1ರಿಂದ ಉಳಿದ ಕೇಂದ್ರಗಳಿಗೆ. ತಾಳೆಯಾಗದಿದ್ದರೆ ಮುಂದಿನ ಏಪ್ರಿಲ್ 1. ನಡುವರ್ಷದಲ್ಲಿ ಬದಲಾಯಿಸಿ ಒಂದೇ ವರ್ಷದ ಲೆಕ್ಕವನ್ನು ಎರಡು ಕಡೆ ಹುಡುಕುವ ಪರಿಸ್ಥಿತಿ ತಂದುಕೊಳ್ಳುವುದಿಲ್ಲ.

ಯಾರು ಯಾವುದಕ್ಕೆ?

ಮದುವೆಯ ಮನೆಯಲ್ಲಿ ನೂರು ಮಂದಿ ಓಡಾಡುತ್ತಾರೆ. ಆದರೂ ಅಡಿಗೆಗೆ ಭಟ್ಟರು, ಬಡಿಸುವುದಕ್ಕೆ ಇಂಥವರು, ಉಗ್ರಾಣದ ಬೀಗದ ಕೈ ಇಂಥವರ ಸೊಂಟದಲ್ಲಿ ಎಂದು ಮೊದಲೇ ನಿಶ್ಚಯವಾಗಿರುತ್ತದೆ. ಎಲ್ಲರೂ ನೋಡಿಕೊಳ್ಳುತ್ತಾರೆಂದು ಬಿಟ್ಟ ಮದುವೆಯಲ್ಲಿ ಎರಡನೆಯ ಪಂಕ್ತಿಗೆ ಸಾರು ಇರುವುದಿಲ್ಲ. ನಮ್ಮ ಕರಡಿನಲ್ಲಿ ಹೊಣೆಗಳನ್ನು ಹೀಗೆ ಹಂಚಿದ್ದೇವೆ.

1. ಆಡಳಿತ ಮಂಡಳಿ: ಗಡಿ ಗುರುತಿನ ಹಾಳೆಗೆ ಒಪ್ಪಿಗೆ, ಹಣಕ್ಕೆ ಮಂಜೂರಾತಿ. ಮಂಡಳಿಯ ಪರವಾಗಿ ಒಬ್ಬ ನಿರ್ದೇಶಕರು ತಿಂಗಳಿಗೆರಡು ಸಲ ಪ್ರಗತಿ ನೋಡಬೇಕು. ನಿರ್ದೇಶಕರೆಲ್ಲರೂ ತಂತ್ರಾಂಶದವರಿಗೆ ನೇರವಾಗಿ ಸೂಚನೆ ಕೊಡತಕ್ಕದ್ದಲ್ಲ.

2. ಕಾರ್ಯದರ್ಶಿ: ಒಟ್ಟು ಕೆಲಸಕ್ಕೆ ಉತ್ತರ ಹೇಳುವವರು. ಕೆಟ್ಟರೆ ಮಹಾಸಭೆಯಲ್ಲಿ ಎದ್ದು ನಿಲ್ಲಬೇಕಾದವರು ನಾವೇ.

3. ಯೋಜನೆಯ ಮುಖ್ಯಸ್ಥ: ದಿನನಿತ್ಯದ ಹೊಣೆ. ಇದಕ್ಕೆ ನಮ್ಮ ಅತ್ಯಂತ ಅನುಭವಿ ಸಿಬ್ಬಂದಿಯೊಬ್ಬರನ್ನು ಅವರ ಮಾಮೂಲು ಕೆಲಸದಿಂದ ಬಿಡುಗಡೆ ಮಾಡಿ ಕೊಡಬೇಕು. ಬಿಡುವಿದ್ದಾಗ ನೋಡಿಕೊಳ್ಳಿ ಎಂದರೆ ಆಗುವ ಕೆಲಸವಲ್ಲ. ಬಿಡಲು ಮನಸ್ಸಾಗದ ವ್ಯಕ್ತಿಯೇ ಈ ಕೆಲಸಕ್ಕೆ ತಕ್ಕವರೆಂದು ತಿಳಿಯಬೇಕು.

4. ವಿಭಾಗದ ಹೊಣೆಗಾರರು: ಖರೀದಿಗೆ ಅಡಿಕೆ ಆರಿಸಿ ಪಳಗಿದ ಹಿರಿಯ ಗ್ರೇಡರು, ಕಾಫಿಗೆ ಔಟ್‌ಟರ್ನ್ ನೋಡುವವರು, ಸಾಲಕ್ಕೆ ಸಾಲ ವಿಭಾಗದ ಗುಮಾಸ್ತರು, ಲೆಕ್ಕಕ್ಕೆ ಲೆಕ್ಕಿಗರು. ತಂತ್ರಾಂಶ ತಮ್ಮ ವಿಭಾಗದ ಕೆಲಸಕ್ಕೆ ಒಗ್ಗುತ್ತದೆಂದು ಇವರು ಸಹಿ ಹಾಕದೆ ಮುಂದುವರಿಯುವಂತಿಲ್ಲ. ಕಂಪ್ಯೂಟರು ಮುಟ್ಟದ ಹಿರಿಯರಿಗೆ ಇಲ್ಲಿ ಏನು ಕೆಲಸವೆಂದು ಕೆಲವರು ಕೇಳಿದ್ದುಂಟು. ಯಂತ್ರ ಗೊತ್ತಿರುವವರನ್ನು ಹಣ ಕೊಟ್ಟು ತರಬಹುದು. ಪಟೋರವನ್ನು ಕೈಯಲ್ಲಿ ಹಿಡಿದೇ ಹೇಳುವವರನ್ನು ತರಲಾಗದು.

5. ತರಬೇತಿದಾರರು: ಪ್ರತಿ ಕೇಂದ್ರದಿಂದ ಒಬ್ಬ ಕಿರಿಯ ಸಿಬ್ಬಂದಿ. ಇವರು ಮೊದಲು ಕಲಿತು ಉಳಿದವರಿಗೆ ಕನ್ನಡದಲ್ಲಿ ಕಲಿಸಬೇಕು.

6. ಸದಸ್ಯ ಪ್ರತಿನಿಧಿಗಳು: ಇಬ್ಬರು ಬೆಳೆಗಾರರು, ಅವರಲ್ಲೊಬ್ಬರು ಮಹಿಳೆ. ಮನೆಯ ಲೆಕ್ಕ ಬರೆದಿಡುವವರು ಅನೇಕ ಕಡೆ ಹೆಂಗಸರೇ. ರಶೀದಿ ಓದಿದರೆ ಅರ್ಥವಾಗುತ್ತದೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಇವರು.

7. ತಂತ್ರಾಂಶ ಕೊಡುವವರು: ಅವರ ಕಡೆಯಿಂದಲೂ ಒಬ್ಬರದೇ ಹೆಸರು.

ಪ್ರತಿಯೊಂದು ಕೆಲಸಕ್ಕೂ ನಾಲ್ಕು ಕಂಬಸಾಲಿನ ಪಟ್ಟಿ ಮಾಡಿದ್ದೇವೆ: ಮಾಡುವವರು, ಉತ್ತರ ಹೇಳುವವರು, ಸಲಹೆ ಕೊಡುವವರು, ವಿಷಯ ತಿಳಿಯಬೇಕಾದವರು. ಉದಾಹರಣೆಗೆ ದಿನದ ಧಾರಣೆಯನ್ನು ಏರಿಸುವುದು. ಮಾಡುವವರು ಮಂಗಳೂರು ಕಚೇರಿಯ ಮಾರಾಟ ವಿಭಾಗದ ಗುಮಾಸ್ತರು, ಉತ್ತರ ಹೇಳುವವರು ಆ ವಿಭಾಗದ ಮ್ಯಾನೇಜರು, ಸಲಹೆ ಗ್ರೇಡರುಗಳದ್ದು, ತಿಳಿಯಬೇಕಾದವರು ಎಲ್ಲ ಕೇಂದ್ರಗಳವರು. ಎರಡನೆಯ ಕಂಬಸಾಲಿನಲ್ಲಿ ಒಂದೇ ಹೆಸರಿರಬೇಕು. ಎರಡು ಹೆಸರಿದ್ದರೆ ಯಾರೂ ಇಲ್ಲವೆಂದೇ ಅರ್ಥ.

ಇನ್ನೊಂದು ನಿಯಮವನ್ನು ಸಡಿಲಿಸಲು ನಾವು ಸಿದ್ಧರಿಲ್ಲ. ನಮೂದಿಸಿದವರು ಬೇರೆ, ಮಂಜೂರು ಮಾಡಿದವರು ಬೇರೆ ಇರಬೇಕು. ಒಬ್ಬರ ಪಾಸ್‌ವರ್ಡು ಇನ್ನೊಬ್ಬರಿಗೆ ತಿಳಿಯಕೂಡದು. ಯಾರು ಎಷ್ಟು ಗಂಟೆಗೆ ಏನನ್ನು ತಿದ್ದಿದರೆಂಬುದು ಅಳಿಸಲಾಗದಂತೆ ಉಳಿಯಬೇಕು. ಇದು ಸಿಬ್ಬಂದಿಯ ಮೇಲಿನ ಅನುಮಾನದಿಂದ ಮಾಡಿದ ನಿಯಮವಲ್ಲ, ಅವರ ರಕ್ಷಣೆಗಾಗಿ ಮಾಡಿದ್ದು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ 1999ರಿಂದ ಹೊರೈಜನ್ ಎಂಬ ತಂತ್ರಾಂಶ ಬಂದಿತು. ಅದರ ದೋಷದಿಂದ ಲೆಕ್ಕದಲ್ಲಿ ಕೊರತೆ ಕಂಡಿದ್ದಕ್ಕೆ ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುವವರನ್ನು ಕಳ್ಳರೆಂದು ನ್ಯಾಯಾಲಯಕ್ಕೆಳೆದರು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೂ ಹೋದರು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಅಲ್ಲಿನ ಹೈಕೋರ್ಟು ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಯಂತ್ರ ಹೇಳಿದ್ದೇ ಸರಿ, ಮನುಷ್ಯನೇ ಸುಳ್ಳ ಎಂಬ ಭಾವನೆ ಎಷ್ಟು ಮನೆಗಳನ್ನು ಹಾಳುಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮ ಕೇಂದ್ರದ ಗುಮಾಸ್ತನಿಗೂ ನಮ್ಮ ಸದಸ್ಯನಿಗೂ ಅಂಥ ಗತಿ ಬರಕೂಡದು. ಆದುದರಿಂದ ಮೊದಲ ವರ್ಷ ಕೊರತೆ ಕಂಡಲ್ಲಿ ಮೊದಲು ತಂತ್ರಾಂಶದ ತನಿಖೆ, ಆಮೇಲೆ ಮನುಷ್ಯರದ್ದು ಎಂಬ ನಿರ್ಣಯವನ್ನು ಮಂಡಳಿಯ ಮುಂದೆ ಇಟ್ಟಿದ್ದೇವೆ.

ಹಳೆಯ ಲೆಕ್ಕ ಶುದ್ಧವಾಗಲಿ

ಕೆಸರು ನೀರನ್ನು ಹೊಸ ತೊಟ್ಟಿಗೆ ತುಂಬಿಸಿದರೆ ಅದು ಕೆಸರು ನೀರೇ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಆರ್.ಟಿ.ಸಿ.ಗಳನ್ನು, 67 ಲಕ್ಷ ಹಿಡುವಳಿದಾರರ ವಿವರವನ್ನು ಗಣಕಕ್ಕೆ ಏರಿಸಿದ್ದು ದೊಡ್ಡ ಸಾಧನೆಯೇ ಸರಿ. ಆದರೆ ಕೈಬರಹದ ಪಹಣಿಯಲ್ಲಿದ್ದ ತಪ್ಪು ಗಣಕದ ಪಹಣಿಯಲ್ಲಿಯೂ ಮುಂದುವರಿದು, ತಿದ್ದುಪಡಿಗಾಗಿ ತಾಲೂಕು ಕಚೇರಿಗೆ ಅಲೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಆದ್ದರಿಂದ ಏರಿಸುವ ಮೊದಲೇ ಪ್ರತಿಯೊಬ್ಬ ಸದಸ್ಯರಿಗೂ ಒಂದು ಪುಟದ ವಿವರಪಟ್ಟಿ ಕಳುಹಿಸುತ್ತೇವೆ. ಹೆಸರು, ಮನೆಹೆಸರು, ಸದಸ್ಯ ಸಂಖ್ಯೆ, ಪಾಲು ಹಣ, ನಾಮನಿರ್ದೇಶಿತರು, ಬ್ಯಾಂಕ್ ಖಾತೆ, ಫ್ರೂಟ್ಸ್ ಸಂಖ್ಯೆ, ಊರಿನ ಸಂಘದ ಸಾಲದ ಖಾತೆ, ನಮ್ಮಲ್ಲಿರುವ ಈಡಿನ ಸಾಲದ ಬಾಕಿ ಇವಿಷ್ಟು ಅದರಲ್ಲಿರುತ್ತವೆ. ನೋಡಿ, ತಪ್ಪಿದ್ದರೆ ತಿದ್ದಿ, ಸಹಿ ಮಾಡಿ ಹಿಂದಿರುಗಿಸಬೇಕು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಸರ್ವೆ ನಂಬ್ರವೋ ಬ್ಯಾಂಕ್ ಖಾತೆಯೋ ತಪ್ಪಾದರೆ ಪರಿಹಾರದ ಹಣ ಎಷ್ಟು ಅಲೆಸುತ್ತದೆಂದು ಬಲ್ಲವರಿಗೆ ಈ ಒಂದು ಪುಟದ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಕರಾರು ಪತ್ರದಲ್ಲಿ ಇರಬೇಕಾದ್ದು

ತಂತ್ರಾಂಶ ಯಾರದೇ ಇರಲಿ, ಅದರೊಳಗಿನ ಲೆಕ್ಕ ಸಂಘದ್ದು. ನಾಳೆ ಕರಾರು ಮುಗಿದರೆ ಇಡೀ ಲೆಕ್ಕವನ್ನು ಬೇರೆ ಕಡೆ ಬಳಸಲು ಬರುವ ರೂಪದಲ್ಲಿ, ಪ್ರತ್ಯೇಕ ಶುಲ್ಕವಿಲ್ಲದೆ ನಮಗೆ ಒಪ್ಪಿಸಬೇಕು. ದೋಷ ತಿಳಿಸಿದ ಎಷ್ಟು ಗಂಟೆಯೊಳಗೆ ಸರಿಪಡಿಸಬೇಕೆಂದು ಬರೆದಿರಬೇಕು. ಹಣವನ್ನು ಹಂತ ಹಂತವಾಗಿ ಕೊಡಬೇಕು, ಕೊನೆಯ ಕಂತು ಮೊದಲ ವರ್ಷದ ಲೆಕ್ಕ ಪರಿಶೋಧನೆ ಮುಗಿದ ಮೇಲೆ. ಮಳೆಗಾಲದಲ್ಲಿ ಕರೆಂಟೂ ಇಂಟರ್‌ನೆಟ್ಟೂ ಹೋಗುವ ನಮ್ಮ ಕೇಂದ್ರಗಳಲ್ಲಿ ಆಗಲೂ ರಶೀದಿ ಬರೆಯುವ ಏರ್ಪಾಡು ಇರಬೇಕು. ಸದಸ್ಯರ ಆಧಾರ್ ಮತ್ತು ಖಾತೆಯ ವಿವರಗಳನ್ನು ಕಾಪಾಡುವ ಹೊಣೆ ಬಹಳ ದೊಡ್ಡದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು ದೇಶದಲ್ಲಿ 2023ರಲ್ಲಿ ಪ್ರತ್ಯೇಕ ಕಾನೂನೇ ಬಂದಿರುವುದನ್ನು ಮರೆಯಬಾರದು.

ಈಗ ಮತ್ತೆ ಖರ್ಚಿನ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ ಹಾಳೆ ಮತ್ತು ಪಟ್ಟಿಗಳು ತಯಾರಾದ ಮೇಲೆ ಅವನ್ನೇ ಜತೆಗಿಟ್ಟು ದರಪಟ್ಟಿ ಕೇಳುತ್ತೇವೆ. ಎಲ್ಲರೂ ಒಂದೇ ಕೆಲಸಕ್ಕೆ ದರ ಹೇಳಿದರೆ ಮಾತ್ರ ಹೋಲಿಸಲು ಸಾಧ್ಯ. ಬಂದ ದರಗಳನ್ನು ಮಹಾಸಭೆಯ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತೇವೆ. ದುಬಾರಿಯೆನಿಸಿದರೆ ಆರರಲ್ಲಿ ಎರಡನ್ನು ಕಡಿಮೆ ಮಾಡೋಣ. ಆದರೆ ತರಬೇತಿಯನ್ನೂ ಹಳೆಯ ಲೆಕ್ಕದ ಪರಿಶೀಲನೆಯನ್ನೂ ಕತ್ತರಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಸದಸ್ಯರಲ್ಲಿ ವಿನಂತಿ

ವಿವರಪಟ್ಟಿ ಕೈಸೇರಿದೊಡನೆ ಓದಿ ಹಿಂದಿರುಗಿಸಿರಿ. ನಾಮನಿರ್ದೇಶಿತರು ತೀರಿಕೊಂಡಿದ್ದರೆ ಹೊಸಬರ ಹೆಸರು ಬರೆಯಿರಿ. ಹಳೆಯ ರಶೀದಿಗಳನ್ನು ಇನ್ನೊಂದೆರಡು ವರ್ಷ ಜೋಪಾನವಾಗಿಡಿರಿ. ಒಳಗೆ ಮತ್ತು ಹೊರಗೆ ಇರುವ ವಿಷಯಗಳ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಈಗಲೇ ತಿಳಿಸಿರಿ, ಒಂದು ಕಾರ್ಡು ಬರೆದರೂ ಸಾಕು. ಗೂಟ ಹೊಡೆಯುವಾಗ ಕಿತ್ತು ಪಕ್ಕಕ್ಕೆ ನೆಡುವುದು ಸುಲಭ. ಗಿಡ ಫಲಕ್ಕೆ ಬಂದ ಮೇಲೆ ಸಾಲು ಸೊಟ್ಟವೆಂದರೆ ಯಾರೇನು ಮಾಡಲಾದೀತು?

ಹಿಂದೆ ಹೇಳಿದ ಆ ಹಿರಿಯ ಸದಸ್ಯರನ್ನೇ ಸದಸ್ಯ ಪ್ರತಿನಿಧಿಯಾಗಬೇಕೆಂದು ಕೇಳಿಕೊಂಡೆವು. ಸ್ವಲ್ಪ ಹೊತ್ತು ಯೋಚಿಸಿ, "ಮನೆಹೆಸರಿಗೆ ಜಾಗ ಇಟ್ಟಿದ್ದೀರಾ?" ಎಂದು ಕೇಳಿದರು. ಮೊದಲ ಸಾಲಿನಲ್ಲೇ ಇಟ್ಟಿದ್ದೇವೆಂದು ಹಾಳೆ ತೋರಿಸಿದೆವು. ಓದಿ ನೋಡಿ ಒಪ್ಪಿದ್ದಾರೆ.

ಸರ್ವ ಸದಸ್ಯರ ಸಹಕಾರವನ್ನು ಕೋರುತ್ತೇವೆ.

ಕಾರ್ಯದರ್ಶಿ